ಬೆನ್ನಿಗೆ ಬೆನ್ನು ಕೊಟ್ಟು ಎಣಿಸಿದ ಸಂಬಳ

ಸೆಪ್ಟೆಂಬರ್ ೮, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿ ಸೂಜಿಗೆ,

ನಿನ್ನ ಅಕ್ಕ ಮಾಡುವ ಆಶೀರ್ವಾದಗಳು. ಇಲ್ಲಿ ನನ್ನ ಎಡಮಂಡಿಯೊಂದನ್ನು ಬಿಟ್ಟು ಉಳಿದವರೆಲ್ಲ ಕ್ಷೇಮ. ನಿನ್ನ ಕಣ್ಣು ಹೇಗಿದೆ? ನನ್ನ ಕಾಗದವನ್ನು ನಿನ್ನ ಮಗಳು ಗಟ್ಟಿಯಾಗಿ ಓದಿ ಹೇಳಬೇಕಾದ ಸ್ಥಿತಿ ಇನ್ನೂ ಬಂದಿಲ್ಲ ತಾನೆ? ಬಂದಿದ್ದರೂ ಇದೊಂದನ್ನು ಅವಳ ಕೈಗೆ ಕೊಡಬೇಡ, ಕನ್ನಡಕ ಹಾಕಿಕೊಂಡು ನೀನೇ ಓದು. ಅದಕ್ಕೆಂದೇ ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ನನ್ನ ಮೊಮ್ಮಗಳು ಬಗ್ಗಿ ನೋಡಿ, 'ಅಜ್ಜಿ, ಇದು ಕಾಗದವೋ ಅಂಗಡಿ ಬೋರ್ಡೋ' ಎಂದು ಕೇಳಿ ಹೋದಳು.

ನಿನ್ನ ಕಾಗದ ಬಂದು ಇಪ್ಪತ್ತಾರು ದಿನವಾಯಿತು. ಗಡಿಯಾರದ ಕೆಳಗಿನ ಹಲಗೆಯ ಮೇಲೆ ಇಟ್ಟಿದ್ದೆ. ಗಂಟೆ ಎಷ್ಟಾಯಿತೆಂದು ನೋಡಿದಾಗಲೆಲ್ಲ ಅದು ನನ್ನ ಕಡೆ ಮುಖ ಮಾಡಿಕೊಂಡು ಕೂತಿರುತ್ತಿತ್ತು. ಮೊದಲ ವಾರ ಮಂಡಿನೋವು ಎಂದುಕೊಂಡೆ. ಎರಡನೆಯ ವಾರ ಮುಂದಿನ ವರ್ಷದ ಡೈರಿಗಳ ಕೆಲಸ ಬಂತು, ಉಸಿರಾಡಲೂ ಬಿಡುವಿರಲಿಲ್ಲ. ಮೂರನೆಯ ವಾರಕ್ಕೆ ಹೇಳಿಕೊಳ್ಳಲು ಯಾವ ನೆಪವೂ ಸಿಗಲಿಲ್ಲ, ಆದರೂ ಬರೆಯಲಿಲ್ಲ. ಬೈಯುವುದಿದ್ದರೆ ಇಲ್ಲೇ ಒಂದು ಸಲ ಬೈದು ಮುಂದಕ್ಕೆ ಓದು.

ನೀನು ಕೇಳಿದ್ದು ಎರಡೇ ಪ್ರಶ್ನೆ. ಒಂದು, 'ಅಕ್ಕಾ, ಈ ಚೆಕ್ಕು ನಿಜವಾಗಿಯೂ ಬೈಂಡಿಂಗ್ ಶಾಪಿನದಾ, ಇಲ್ಲಾ ನೀನೇ ದುಡ್ಡು ಕೊಟ್ಟು ಮೇಡಂ ಕೈಲಿ ಸಹಿ ಹಾಕಿಸಿದ್ದೀಯಾ?' ಎರಡು, 'ಒಂದೇ ಮೇಜಿನಲ್ಲಿ ಕೂತು ಒಂದೇ ಕೆಲಸ ಮಾಡಿದವರಲ್ಲಿ ನನಗೊಬ್ಬಳಿಗೇ ಯಾಕೆ ಕಮ್ಮಿ ಕೊಟ್ಟರು?' ಚೆಕ್ಕಿನ ಜೊತೆ ನಾನು ಇಟ್ಟದ್ದು ಬರೀ ನಾಲ್ಕು ಸಾಲಿನ ಚೀಟಿ. ಆದ್ದರಿಂದ ನಿನ್ನ ಅನುಮಾನ ತಪ್ಪಲ್ಲ. ಆದರೆ ಚೆಕ್ಕನ್ನು ಬ್ಯಾಂಕಿಗೆ ಹಾಕದೆ ಪುಸ್ತಕದ ನಡುವೆ ಇಟ್ಟುಕೊಂಡು ಕೂತಿದ್ದೀಯಲ್ಲ, ಅದು ಮಾತ್ರ ಶುದ್ಧ ಹಟ. ಎರಡಕ್ಕೂ ಉತ್ತರ ಕೊಡುತ್ತೇನೆ. ನನ್ನ ದಾರಿಯಲ್ಲೇ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.

ಇದೆಲ್ಲ ಶುರುವಾದದ್ದು ನನ್ನ ಸೊಸೆಯಿಂದ. ನರ್ಸಮ್ಮ ಹೇಗೆಂದು ನಿನಗೆ ಗೊತ್ತೇ ಇದೆ. ಆಸ್ಪತ್ರೆಯಿಂದ ಬಂದವಳು ಮೊಣಕೈವರೆಗೂ ಸೋಪು ಹಚ್ಚಿ ತೊಳೆದ ಮೇಲೆಯೇ ಮನೆಯವರನ್ನು ಮಾತನಾಡಿಸುವುದು. ಮಾರ್ಚ್ ತಿಂಗಳ ಒಂದು ಭಾನುವಾರ ಊಟ ಮುಗಿಯುತ್ತಿದ್ದ ಹಾಗೆ ಮೇಜು ಒರೆಸಿ, ಮಗಳ ಹಳೇ ನೋಟುಪುಸ್ತಕವೊಂದನ್ನು ತಂದು ಮಧ್ಯಕ್ಕೆ ಇಟ್ಟಳು. 'ಮನೆ ಬದಲಾಯಿಸೋದಕ್ಕೆ ಮುಂಚೆ ಎಲ್ಲರೂ ಅವರವರ ಸಂಬಳ ಹೇಳಿಬಿಡೋಣ. ನಾನೇ ಮೊದಲು ಹೇಳ್ತೀನಿ' ಎಂದು ಹೇಳಿಯೇಬಿಟ್ಟಳು. ಕಡಿತವೆಲ್ಲ ಹೋಗಿ ಕೈಗೆ ಎಷ್ಟು, ರಾತ್ರಿ ಪಾಳಿಗೆ ಎಷ್ಟು, ಅವರಮ್ಮನಿಗೆ ತಿಂಗಳಿಗೆ ಕಳಿಸುವುದು ಎಷ್ಟು, ಎಲ್ಲ. ಹೆಂಗಸು ಬೀದಿಯಲ್ಲಿ ಬಟ್ಟೆ ಬಿಚ್ಚಿದ್ದರೂ ನನಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

'ಊಟ ಮಾಡಿದ ಜಾಗದಲ್ಲಿ ಅದೇನು ಮಾತು' ಅಂದೆ.

'ಅತ್ತೆ, ನನ್ನ ವಾರ್ಡಿನಲ್ಲಿ ಗುರುತೇ ಇಲ್ಲದೋರು ಹೊಟ್ಟೆ ಒಳಗೇನಿದೆ ಅಂತ ಎಲ್ಲಾ ಹೇಳ್ತಾರೆ. ನಾವು ಒಂದೇ ಮನೇಲಿದ್ದು ಜೇಬಿನ ಒಳಗೇನಿದೆ ಅಂತ ಹೇಳೋಕಾಗಲ್ವಾ' ಅಂದಳು.

ಮಗ ತಟ್ಟೆಯ ಅಂಚನ್ನೇ ನೋಡುತ್ತಿದ್ದ. ಕೊನೆಗೆ ಬಾಯಿ ಬಿಟ್ಟ. ಲಿಫ್ಟು ರಿಪೇರಿಯ ಅವನ ಕಂಪನಿಯವರು ಓವರ್‌ಟೈಮ್ ನಿಲ್ಲಿಸಿ ಒಂದು ವರ್ಷದ ಮೇಲಾಗಿತ್ತಂತೆ. ನನ್ನ ಕೈಗೆ ಕೊಡುತ್ತಿದ್ದ ಮನೆಖರ್ಚಿನಲ್ಲಿ ಒಂದು ಪೈಸೆ ಕಮ್ಮಿಯಾಗಬಾರದೆಂದು ಮಧ್ಯಾಹ್ನದ ಊಟವನ್ನೇ ಬಿಟ್ಟಿದ್ದನಂತೆ. ನಾನೋ, ಮಗ ಇಷ್ಟು ಗಳಿಸುತ್ತಾನೆಂದು ಅವನು ಕೊಟ್ಟದ್ದರಲ್ಲಿ ಅರ್ಧ ಅವನಿಗಾಗಿಯೇ ಬೇರೆ ಡಬ್ಬಿಯಲ್ಲಿ ಎತ್ತಿಡುತ್ತಿದ್ದೆ. ಒಂದು ವರ್ಷ ಹುಡುಗ ಹೊಟ್ಟೆಗಿಲ್ಲದೆ ಉಳಿಸಿಕೊಟ್ಟದ್ದು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ನಿದ್ದೆ ಮಾಡುತ್ತಿತ್ತು. ನಾವು ಮೂವರೂ ಎಷ್ಟು ಬುದ್ಧಿವಂತರು ನೋಡು.

ಆಮೇಲೆ ನನ್ನ ಸರದಿ. ಮೂವತ್ತು ವರ್ಷ ದುಡಿದಿದ್ದೇನೆ, ಕದ್ದಿಲ್ಲ, ಮುಚ್ಚಿಟ್ಟಿಲ್ಲ, ಆದರೂ ಆ ಮೊತ್ತವನ್ನು ಅವರ ಮುಖ ನೋಡಿ ಹೇಳಲಾಗಲಿಲ್ಲ. ಕುರ್ಚಿಯಿಂದ ಎದ್ದು, ಗೋಡೆಯ ಕಡೆ ತಿರುಗಿ ನಿಂತು, ಗೋಡೆಗೆ ಹೇಳಿದೆ. ಮೊಮ್ಮಗಳು ನಕ್ಕು ನಕ್ಕು ಬಿಕ್ಕಳಿಕೆ ತಂದುಕೊಂಡಳು. ನೀನು ನಗುವುದಿಲ್ಲ ಎಂದು ಗೊತ್ತು. ನಾನು ಯಾರ ಹಾಗೆ ನಿಂತಿದ್ದೆ ಅನ್ನುವುದು ನಿನಗೆ ತಕ್ಷಣ ಹೊಳೆದಿರುತ್ತದೆ.

ಅಪ್ಪ ಹಾಗೆಯೇ ಅಲ್ಲವೇನೇ ನಿಲ್ಲುತ್ತಿದ್ದದ್ದು. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ದಿನವಿಡೀ ಊರವರ ದುಡ್ಡನ್ನು ಎಲ್ಲರ ಕಣ್ಣೆದುರಿಗೇ ಪಟಪಟ ಎಣಿಸುತ್ತಿದ್ದ ಮನುಷ್ಯ, ತನ್ನ ಸಂಬಳ ಬಂದ ದಿನ ಮಾತ್ರ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಎಣಿಸುತ್ತಿದ್ದರು. ನಾವು ಮೂರು ಜನ, ಅಮ್ಮ, ನಾನು, ನೀನು, ಕಿಟಕಿಯ ಕಡೆ ನೋಡುತ್ತಾ ಕೂರಬೇಕು. 'ಎಣಿಸೋರ ಮುಖ ನೋಡೋದು ಮರ್ಯಾದೆ ಅಲ್ಲ' ಅನ್ನುತ್ತಿದ್ದರು. ಅಪ್ಪನ ಸಂಬಳ ಎಷ್ಟೆಂದು ಅಮ್ಮ ಕೊನೆಯವರೆಗೂ ತಿಳಿಯದೇ ಹೋದಳು. ಅದನ್ನು ಅವಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು, ನಾವೂ ಹೆಮ್ಮೆಯಿಂದಲೇ ಕೇಳುತ್ತಿದ್ದೆವು.

ನಾವಿಬ್ಬರೂ ಅದನ್ನೇ ಕಲಿತೆವು. ತಿಂಗಳ ಕೊನೆಯ ದಿನ, ಬೈಂಡಿಂಗ್ ಶಾಪಿನ ಮೆಟ್ಟಿಲಿನ ತಿರುವು, ಕೈಯಲ್ಲಿ ಕಂದು ಕವರು, ಅಕ್ಕ ತಂಗಿ ಬೆನ್ನಿಗೆ ಬೆನ್ನು ಕೊಟ್ಟು ನಿಂತು ಎಣಿಸುವುದು. ಕತ್ತರಿಯಣ್ಣ ಕಟಿಂಗ್ ಮೆಷಿನ್ ನಿಲ್ಲಿಸಿ, 'ನೋಡ್ರಪ್ಪಾ, ಒಳಗೆ ಪುಸ್ತಕಾನೇ ಇಲ್ಲ, ಬರೀ ಎರಡು ರಟ್ಟು ನಿಂತಿವೆ' ಎಂದು ಎಲ್ಲರನ್ನೂ ಕರೆದು ತೋರಿಸುತ್ತಿದ್ದ. ಒಂದು ಬಾಚಣಿಗೆ, ಒಂದು ಕೊಡೆ, ಒಂದು ಡಬ್ಬಿಯ ಊಟ ಹಂಚಿಕೊಂಡವರು ನಾವು. ನಿನ್ನ ಹಲ್ಲುನೋವಿನಿಂದ ಹಿಡಿದು ನಿನ್ನ ಗಂಡ ಹೋದ ಮೇಲೆ ನೀನು ಕಂಡ ಕನಸುಗಳವರೆಗೆ ಎಲ್ಲ ನನಗೆ ಗೊತ್ತಿತ್ತು. ನಿನ್ನ ಕವರಿನಲ್ಲಿ ಎಷ್ಟಿದೆ ಅನ್ನುವುದು ಮಾತ್ರ ಹತ್ತೊಂಬತ್ತು ವರ್ಷ ಗೊತ್ತಾಗಲಿಲ್ಲ. ನೀನು ಯಾವಾಗಲೂ ನನಗಿಂತ ಮುಂಚೆ ಮುಗಿಸಿ, 'ಆಯ್ತೇನೇ ಅಕ್ಕಾ' ಅನ್ನುತ್ತಿದ್ದೆ. 'ಸೂಜಿ ಕೈ ಹೊಲಿಯೋದರಲ್ಲಿ ಮಾತ್ರ ಅಲ್ಲ, ಎಣಿಸೋದರಲ್ಲೂ ಚುರುಕು' ಎಂದು ನಾನು ಛೇಡಿಸುತ್ತಿದ್ದೆ. ಆಮೇಲೆ ನಾನು ಬಸ್ಸಿಗೆ ಓಡುತ್ತಿದ್ದೆ, ನೀನು ನಡೆದು ಹೋಗುತ್ತಿದ್ದೆ. ನಾಲ್ಕು ಸ್ಟಾಪು ದೂರ ನಡೆಯುವ ಹುಚ್ಚು ನಿನಗೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಮನೆಯ ಮೇಜಿನ ಮುಂದೆ ಸತ್ಯ ಹೇಳಿದ ಮೇಲೆ ನನ್ನ ಮೈ ಎಷ್ಟು ಹಗುರಾಯಿತೆಂದರೆ, ಮಾರನೆಯ ದಿನ ಬೈಂಡಿಂಗ್ ಶಾಪಿಗೆ ಹೋದಾಗ ಬಾಯಿ ತಡೆಯಲಾಗಲಿಲ್ಲ. ಹೊಸದಾಗಿ ಕಲಿತವರ ಹುಮ್ಮಸ್ಸು ನಿನಗೆ ಗೊತ್ತಲ್ಲ. ಹೊಲಿಗೆಗೆಂದು ಮಡಿಸಿದ ಪುಸ್ತಕದ ಹಾಳೆಗಳನ್ನು ಪಕ್ಕಕ್ಕೆ ಸರಿಸಿ ಎಲ್ಲರೂ ಡಬ್ಬಿ ಬಿಚ್ಚುತ್ತಿದ್ದರು. ನಾನು ಎದ್ದು ನಿಂತು, ಗೋಡೆ ನೋಡದೆ, ಎಲ್ಲರ ಮುಖ ನೋಡಿ, 'ನನ್ನ ತಿಂಗಳ ಸಂಬಳ ಇಷ್ಟು' ಎಂದು ಹೇಳಿ ಕೂತೆ. ಅಂಟಿನ ಪಾತ್ರೆ ನೋಡಿಕೊಳ್ಳುವ ಅಂಟಕ್ಕನಿಗೆ ನೆತ್ತಿಗೆ ಹತ್ತಿತು. ಆಮೇಲೆ ಕತ್ತರಿಯಣ್ಣ ಕೆಮ್ಮಿ ತನ್ನದು ಹೇಳಿದ. ರಟ್ಟಿನ ಮೇಲೆ ಚಿನ್ನದ ಅಕ್ಷರ ಒತ್ತುವವನು ಹೇಳಿದ. ಮೇಜಿನ ಸುತ್ತ ಒಬ್ಬೊಬ್ಬರಾಗಿ ಹೇಳಿದರು. ಹೊಲಿಗೆ ಮೇಜಿನ ನಾಲ್ಕೂ ಜನಕ್ಕೆ ಒಂದೇ ಇತ್ತು. ನನಗೆ ಎಷ್ಟು ಸಮಾಧಾನವಾಯಿತು ಅಂತೀ. ನೋಡಿದಿರಾ, ನಮ್ಮಲ್ಲಿ ಯಾರಿಗೂ ಮೋಸ ಇಲ್ಲ ಎಂದು ಎದೆ ಉಬ್ಬಿಸಿ ಹೇಳಿದೆ.

ಅಂಟಕ್ಕ ನೀರು ಕುಡಿದು ಸುಧಾರಿಸಿಕೊಂಡು, 'ಸೂಜಿಗೆ ಮಾತ್ರ ಕಮ್ಮಿ ಇತ್ತಲ್ಲ ಕಣೇ' ಅಂದಳು.

'ಯಾವ ಸೂಜಿಗೆ?'

'ನಿನ್ನ ತಂಗಿಗೆ. ಗುಮಾಸ್ತರ ಜೊತೆ ಕೂತು ಕವರಿಗೆ ತುಂಬ್ತಾ ಇದ್ದೋಳು ನಾನೇ ಅಲ್ವಾ. ನಿನಗೆ ನಾಲ್ಕು ಇಟ್ಟರೆ ಅವಳಿಗೆ ಮೂರು. ಮೊದಲಿಂದಲೂ ಅಷ್ಟೇ. ನಿನಗೆ ಗೊತ್ತಿದೆ ಅಂದುಕೊಂಡಿದ್ದೆ.'

ಸೂಜೀ, ನಾನು ದಿನಕ್ಕೆ ನಲವತ್ತು ಪುಸ್ತಕ ಹೊಲಿದರೆ ನೀನು ಐವತ್ತೈದು ಹೊಲಿಯುತ್ತಿದ್ದೆ. ನನ್ನ ಹೊಲಿಗೆ ಸಡಿಲವಾದರೆ ಯಾರಿಗೂ ಕಾಣದ ಹಾಗೆ ಬಿಚ್ಚಿ ಮತ್ತೆ ಹೊಲಿದು ಇಡುತ್ತಿದ್ದವಳು ನೀನು. ಅಂಥವಳಿಗೆ ಮುಕ್ಕಾಲು ಸಂಬಳ. ಡಬ್ಬಿ ಹಾಗೇ ಬಿಟ್ಟು ಎದ್ದೆ. ಆಫೀಸು ಇರುವುದು ಎರಡನೇ ಮಹಡಿಯಲ್ಲಿ, ನನ್ನ ಮಂಡಿ ಇರುವುದು ಈ ಸ್ಥಿತಿಯಲ್ಲಿ. ಆದರೂ ಮಧ್ಯೆ ಎಲ್ಲೂ ನಿಲ್ಲದೆ ಹತ್ತಿದೆ. ಹಿಂದಿನಿಂದ ಕತ್ತರಿಯಣ್ಣ, ಅಂಟಕ್ಕ, ಹೊಲಿಗೆ ಮೇಜಿನವರೆಲ್ಲ ಎಂಜಲು ಕೈಯಲ್ಲೇ ಹತ್ತಿ ಬಂದರು. ಆ ಮೆಟ್ಟಿಲಿನ ತಿರುವು ದಾಟುವಾಗ ಒಂದು ಕ್ಷಣ ನೀನು ಅಲ್ಲಿ ನಿಂತಿದ್ದೀಯೇನೋ ಅನ್ನಿಸಿತು.

ಮೇಡಂ ಗೊತ್ತಲ್ಲ, ದೊಡ್ಡ ಯಜಮಾನರ ಮಗಳು. ಅಪ್ಪ ಹಾಸಿಗೆ ಹಿಡಿದ ಮೇಲೆ ವ್ಯವಹಾರ ಕೈಗೆ ತೆಗೆದುಕೊಂಡದ್ದು ನೀನು ಬಿಡುವುದಕ್ಕೆ ನಾಲ್ಕು ವರ್ಷ ಮುಂಚೆ. ಒಳ್ಳೆಯ ಹುಡುಗಿ, ಆದರೆ ಅವತ್ತು ನನಗೆ ಒಳ್ಳೆಯವರು ಕೆಟ್ಟವರು ಯಾರೂ ಕಾಣುತ್ತಿರಲಿಲ್ಲ. ನಾನು ಏನು ಮಾತಾಡಿದೆ ಅನ್ನುವುದನ್ನು ಪೂರ್ತಿ ಬರೆಯುವುದಿಲ್ಲ, ಬರೆದರೆ ಜಂಬ ಅನ್ನುತ್ತೀಯ. ಒಂದು ಮಾತು ಮಾತ್ರ ಹೇಳುತ್ತೇನೆ. 'ಅಮ್ಮಾ, ನಿಮ್ಮ ಅಪ್ಪ ಸಂಬಳ ಬರೆದ ಪುಸ್ತಕ ಹೊಲಿದಿದ್ದೂ ನನ್ನ ತಂಗೀನೇ. ಅದನ್ನ ತೆಗೀರಿ, ಅವಳ ಹೊಲಿಗೆ ಬಿಚ್ಚಿದೆಯಾ ನೋಡೋಣ' ಅಂದೆ. ಮೂವತ್ತು ವರ್ಷ 'ಆಯ್ತು ಯಜಮಾನ್ರೇ' ಬಿಟ್ಟು ಬೇರೆ ಮಾತಾಡದ ಬಾಯಿ ಇದು. ಕತ್ತರಿಯಣ್ಣ ಇವತ್ತಿಗೂ ಆ ಮಾತನ್ನು ಕಂಡ ಕಂಡವರಿಗೆ ಹೇಳುತ್ತಾನೆ. ಹೇಳುವಾಗ ನನ್ನ ಹಾಗೇ ಸೊಂಟದ ಮೇಲೆ ಕೈ ಇಟ್ಟುಕೊಳ್ಳುತ್ತಾನೆ.

ಮೇಡಂ ಹಳೇ ರಿಜಿಸ್ಟರುಗಳನ್ನು ತೆಗೆದರು. ಇಪ್ಪತ್ತನಾಲ್ಕು ವರ್ಷದ ಹಿಂದಿನದು, ನೀನು ಕೆಲಸಕ್ಕೆ ಸೇರಿದ ವರ್ಷದ್ದು. ಮೇಜಿನ ಮೇಲೆ ಇಟ್ಟರೆ ಇವತ್ತಿಗೂ ಎರಡೂ ಕಡೆ ಸಮನಾಗಿ ತೆರೆದುಕೊಂಡು ಕೂರುತ್ತದೆ ಕಣೇ. ಒಂದು ಹಾಳೆ ಅಲ್ಲಾಡಿಲ್ಲ. ಅವರು ಬೆರಳಿಟ್ಟು ಸಾಲು ಸಾಲಾಗಿ ಕೆಳಗೆ ಬಂದು, ಒಂದು ಕಡೆ ನಿಲ್ಲಿಸಿ, ನನ್ನ ಮುಖ ನೋಡಿದರು. ಹಿಂದೆ ನಿಂತವರಿಗೆಲ್ಲ 'ನೀವು ಊಟ ಮುಗಿಸಿ' ಎಂದು ಹೇಳಿ ಕಳಿಸಿ, ನನಗೆ 'ಕೂತ್ಕೊಳ್ಳಿ ಅಕ್ಕಾ' ಅಂದರು. ನನ್ನ ಮಂಡಿ ನೋಡಿ ಹೇಳಿದರು ಎಂದಿಟ್ಟುಕೋ.

ಕೂತೆ. ಅವರು ರಿಜಿಸ್ಟರನ್ನು ಪಕ್ಕಕ್ಕೆ ಸರಿಸಿ, 'ಯಾರು ಏನು ಹೇಳಿದ್ರು ಅನ್ನೋದು ಬೇರೆ. ಹೊಲಿದಿದ್ದಕ್ಕೆ ಕೊಡಬೇಕಿತ್ತು. ನಾನೂ ಅಪ್ಪ ಬರೆದಿದ್ದನ್ನೇ ನೋಡಿ ಮುಂದುವರಿಸಿದೆ, ಯಾಕೆ ಅಂತ ಕೇಳಲಿಲ್ಲ. ನನ್ನ ಕೈಯಲ್ಲಿದ್ದ ನಾಲ್ಕು ವರ್ಷದ ವ್ಯತ್ಯಾಸ ನಾನು ಕೊಡ್ತೀನಿ' ಅಂದರು. ಹೇಳಿದ ಹಾಗೇ ಕೊಟ್ಟರು, ನಾಲ್ಕು ತಿಂಗಳು ತೆಗೆದುಕೊಂಡರು ಅಷ್ಟೇ. ಆ ಚೆಕ್ಕೇ ನಿನ್ನ ಪುಸ್ತಕದ ನಡುವೆ ಮಲಗಿರುವುದು. ನನ್ನ ಪುಡಿಗಾಸೂ ಅದರಲ್ಲಿಲ್ಲ. ಅದು ನಿನ್ನ ಬೆರಳು ದುಡಿದದ್ದು. ನಾಳೆಯೇ ಬ್ಯಾಂಕಿಗೆ ಹೋಗು. ಮೊದಲನೆಯ ಪ್ರಶ್ನೆಗೆ ಉತ್ತರ ಕೊಟ್ಟಾಯಿತು.

ಸೋಮವಾರ ಸಂಜೆ

ನಿನ್ನೆ ಇಲ್ಲಿಗೆ ನಿಲ್ಲಿಸಿದೆ. ಕೈ ನೋಯುತ್ತಿತ್ತು ಎಂದು ಬರೆದರೆ ನೀನು ನಂಬುವುದಿಲ್ಲ.

ಇನ್ನೊಂದಿಷ್ಟು ಸಮಾಚಾರ ಹೇಳುತ್ತೇನೆ ಕೇಳು. ಈಗ ಕಟಿಂಗ್ ಮೆಷಿನ್ನಿನ ಪಕ್ಕದ ಗೋಡೆಯ ಮೇಲೆ ಒಂದು ಬೋರ್ಡು ತೂಗುಹಾಕಿದ್ದಾರೆ. ಮಡಿಸುವವರಿಗೆ ಎಷ್ಟು, ಹೊಲಿಯುವವರಿಗೆ ಎಷ್ಟು, ಅಂಟು ಹಾಕುವವರಿಗೆ ಎಷ್ಟು, ಎಷ್ಟು ವರ್ಷಕ್ಕೆ ಎಷ್ಟು ಹೆಚ್ಚುತ್ತದೆ, ಎಲ್ಲ ದಪ್ಪ ಅಕ್ಷರದಲ್ಲಿ. ರಟ್ಟು ನಾನೇ ಆರಿಸಿದೆ, ಅಂಚಿಗೆ ಕೆಂಪು ಬಟ್ಟೆ ಅಂಟಿಸಿದ್ದು ಅಂಟಕ್ಕ, ಅಕ್ಷರ ಒತ್ತಿದ್ದು ಚಿನ್ನದ ಕೆಲಸದವನು. ಮದುವೆ ಆಲ್ಬಮ್ಮಿನ ಹಾಗೆ ಹೊಳೆಯುತ್ತದೆ. ಕೆಲಸ ಕೇಳಿಕೊಂಡು ಬಂದವರು ಬಾಗಿಲಲ್ಲೇ ನಿಂತು ಓದಿಕೊಂಡು ಒಳಗೆ ಬರುತ್ತಾರೆ. ಮೊನ್ನೆ ಬಂದ ಹುಡುಗಿಯೊಬ್ಬಳಿಗೆ ಗುಮಾಸ್ತರು ಏನೋ ಕಮ್ಮಿ ಹೇಳಲು ಹೋದರು. ಅವಳು ಮಾತೇ ಆಡಲಿಲ್ಲ, ಬೋರ್ಡಿನ ಕಡೆ ಬೆರಳು ತೋರಿಸಿದಳು. ನಾನು ಹೊಲಿಗೆ ಮೇಜಿನಿಂದ ನೋಡುತ್ತಿದ್ದೆ. ನನ್ನ ಮಗ ಮೊದಲ ಸಲ ನಡೆದಾಗಲೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ. ಅದನ್ನು ಅವನಿಗೆ ಹೇಳಬೇಡ.

ಹೊರಗೂ ನನ್ನ ಬಾಯಿ ಸುಮ್ಮನಿಲ್ಲ. ಬಸ್‌ಸ್ಟಾಪಿನಲ್ಲಿ ಸಿಗುವ ಟೈಲರಮ್ಮನಿಗೆ ನನ್ನ ಸಂಬಳ, ನನ್ನ ಸಾಲ, ನನ್ನ ಉಳಿತಾಯ ಎಲ್ಲ ಹೇಳಿದೆ. ಹದಿನೈದು ದಿನ ಆಕೆ ನನ್ನನ್ನು ಕಂಡು ಮುಂದಿನ ಸ್ಟಾಪಿಗೆ ಹೋಗಿ ನಿಲ್ಲುತ್ತಿದ್ದಳು. ಎಲ್ಲಿ ಸಾಲ ಕೇಳಿಬಿಡುತ್ತೇನೋ ಎಂಬ ಭಯವಂತೆ. ಆಮೇಲೆ ಒಂದು ದಿನ ತಾನಾಗಿಯೇ ಬಂದು, ಚೀಲದಿಂದ ಪಾಸ್‌ಬುಕ್ ತೆಗೆದು ನನ್ನ ತೊಡೆಯ ಮೇಲೆ ಇಟ್ಟು, 'ಇದರಲ್ಲಿ ಏನು ಬರೆದಿದೆ ನೋಡಿ ಹೇಳ್ರಿ, ನಮ್ಮ ಯಜಮಾನರನ್ನ ಕೇಳೋಕೆ ನಾಚಿಕೆ' ಅಂದಳು. ನೋಡಿದೆ. ಅವಳು ಹೆದರಿದಷ್ಟೇನೂ ಕೆಟ್ಟದಾಗಿರಲಿಲ್ಲ. ಈಗ ಒಂದೇ ಸ್ಟಾಪಿನಲ್ಲಿ ನಿಲ್ಲುತ್ತೇವೆ.

ನಮ್ಮ ಮನೆಯಲ್ಲಿ ತಿಂಗಳ ಮೊದಲ ಭಾನುವಾರ ಮೇಜು ಒರೆಸಿ ನೋಟುಪುಸ್ತಕ ತೆರೆಯುವುದು ಖಾಯಂ ಆಗಿದೆ. ದೊಡ್ಡ ಮನೆಯ ಆಸೆ ಬಿಟ್ಟು ಇದೇ ಬೀದಿಯಲ್ಲಿ ಒಂದು ಕೋಣೆ ಹೆಚ್ಚಿರುವ ಮನೆ ನೋಡಿದ್ದಾರೆ. ಮಗ ಮಧ್ಯಾಹ್ನ ಊಟ ಮಾಡುತ್ತಾನೆ, ಅದನ್ನು ಅವನ ಹೆಂಡತಿ ದಿನಾ ಫೋನು ಮಾಡಿ ಪರೀಕ್ಷಿಸುತ್ತಾಳೆ. ಮೊಮ್ಮಗಳು ತನ್ನ ಹುಂಡಿಯ ಲೆಕ್ಕವನ್ನೂ ಒಪ್ಪಿಸುತ್ತಾಳೆ. ಹೋದ ತಿಂಗಳು ಅದರಲ್ಲಿ ಎರಡು ಗುಂಡಿ ಸಿಕ್ಕವು, ಅವನ್ನೂ ಬರೆದುಕೊಂಡೆವು. ಡಿಸೆಂಬರಿಗೆ ನನ್ನ ಕೆಲಸ ಮುಗಿಯುತ್ತದೆ. ಆಗ ಕೈಗೆ ಬರುವ ಇಡುಗಂಟು ಎಷ್ಟು ಅನ್ನುವುದನ್ನು ಈ ಸಲ ಕುರ್ಚಿಯಿಂದ ಏಳದೆ ಹೇಳಿದೆ. ಅಪ್ಪ ಇದ್ದಿದ್ದರೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದರೇನೋ. ಆದರೆ ಅಮ್ಮ ಖಂಡಿತ ನನ್ನ ಮುಖವನ್ನೇ ನೋಡುತ್ತಿದ್ದಳು ಅನ್ನಿಸುತ್ತದೆ.

ಇನ್ನು ನಿನ್ನ ಎರಡನೆಯ ಪ್ರಶ್ನೆ. ದೊಡ್ಡ ಯಜಮಾನರು ತೀರಿಕೊಂಡು ಏಳು ವರ್ಷವಾಯಿತು. ಅವರ ಮನಸ್ಸಿನಲ್ಲಿ ಏನಿತ್ತೋ ಯಾರನ್ನು ಕೇಳುವುದು. ಹಳೇ ಕಾಲದವರು, ಏನೋ ಲೆಕ್ಕ ಹಾಕಿಕೊಂಡಿರುತ್ತಾರೆ. ನೀನು ಅದನ್ನೇ ಯೋಚಿಸಿ ತಲೆ ಕೆಡಿಸಿಕೊಳ್ಳಬೇಡ, ಕಣ್ಣಿಗೆ ಒಳ್ಳೆಯದಲ್ಲ.

ಹಾಕುವ ಔಷಧಿ ತಪ್ಪಿಸಬೇಡ. ನಿನ್ನ ಮಗಳ ಶಾಲೆಯ ಮಕ್ಕಳು ಅವಳನ್ನು ಹೆಚ್ಚು ಗೋಳು ಹುಯ್ದುಕೊಳ್ಳದಿರಲಿ. ನಿನ್ನ ಕೈ ಯಾವಾಗಲೂ ಬೆಚ್ಚಗಿರಲಿ, ಮನೆ ತುಂಬಿರಲಿ, ನನಗಿಂತ ಹತ್ತು ವರ್ಷ ಹೆಚ್ಚು ಬಾಳು ಎಂದು ಮನಸಾರೆ ಹರಸುತ್ತೇನೆ.

ಇಂತು,
ನಿನ್ನ ಅಕ್ಕ

ತಾ.ಕ.: ಈ ಕಾಗದವನ್ನು ಕವರಿಗೆ ಹಾಕಿ ಅಂಟಿಸಿಯೂ ಆಗಿತ್ತು. ಸೊಸೆ ಬಂದು ಕೈ ತೊಳೆದುಕೊಂಡು, ಒರೆಸಿಕೊಳ್ಳುತ್ತಾ, 'ಬರೆದ್ರಾ ಅತ್ತೆ?' ಅಂದಳು. ಬರೆದೆ ಅಂದೆ. 'ಅದನ್ನೂ?' ಅಂದಳು. ನಾನು ಕವರಿನ ಅಂಚನ್ನು ಮತ್ತೊಮ್ಮೆ ಒತ್ತಿದೆ. 'ಸರಿ, ನಿಮ್ಮಿಷ್ಟ' ಎಂದು ಒಳಗೆ ಹೋದಳು. ಕವರು ಹರಿದೆ.

ನಿನ್ನ ಎರಡನೆಯ ಪ್ರಶ್ನೆಗೆ ಉತ್ತರ ನಾನೇ ಕಣೇ.

ನಿನ್ನನ್ನು ಕೆಲಸಕ್ಕೆ ಕರೆದುಕೊಂಡು ಹೋದ ದಿನ ನೀನು ಮೆಟ್ಟಿಲ ಕೆಳಗೆ ನಾಲ್ಕು ವರ್ಷದ ಮಗಳ ಕೈ ಹಿಡಿದು ನಿಂತಿದ್ದೆ. ಗಂಡ ಹೋಗಿ ಎರಡು ತಿಂಗಳಾಗಿತ್ತು. ದೊಡ್ಡ ಯಜಮಾನರು ಪೆನ್ನು ತೆಗೆದು, 'ನಿನ್ನ ತಂಗಿಗೆ ಎಷ್ಟು ಹಾಕಲಿ? ಎಲ್ಲರ ಹಾಗೇ ಹಾಕಲಾ?' ಎಂದು ನನ್ನನ್ನು ಕೇಳಿದರು. ನಾನು ತಲೆ ಎತ್ತಿ, 'ಅವಳೇನು ದುಡ್ಡಿಗೋಸ್ಕರ ಬರ್ತಿಲ್ಲ ಯಜಮಾನ್ರೇ, ಮನಸ್ಸಿಗೆ ಬೇಸರ ಕಳೀಲಿ ಅಂತ ಬರ್ತಿದಾಳೆ. ನೀವು ಎಷ್ಟು ಕೊಟ್ಟರೂ ಸರಿ' ಅಂದೆ. ಹೊಟ್ಟೆಗಿಲ್ಲದೆ ಬಂದಿದ್ದಾಳೆ ಎಂದು ಅವರಿಗೆ ಗೊತ್ತಾಗಬಾರದಿತ್ತು. ಕೆಳಗೆ ಬಂದು, 'ನಿನ್ನ ಮರ್ಯಾದೆ ಉಳಿಸಿದ್ದೀನಿ' ಎಂದು ನಿನಗೆ ಹೇಳಿದೆ. ನೀನು ನನ್ನ ಕೈ ಹಿಡಿದುಕೊಂಡೆ. ಎಲ್ಲರ ಹಾಗೇ ಹಾಕಿ ಎಂದಿದ್ದರೆ ಮುಗಿಯುತ್ತಿತ್ತು. ಆರು ವರ್ಷ ಮುಂಚೆ ಸೇರಿದ ಅಕ್ಕನಿಗೂ ನಿನ್ನೆ ಬಂದ ತಂಗಿಗೂ ಒಂದೇ ಆಗುವುದು ಬೇಡ ಎಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ಇತ್ತು. ಯಜಮಾನರಿಗೆ ಹೇಳಿದ್ದನ್ನು ಸೊಸೆಗೆ ಹೇಳಿದ್ದೇನೆ, ಈ ಮೂಲೆಯ ಮಾತನ್ನು ಅವಳಿಗೂ ಹೇಳಿಲ್ಲ. ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ.

ರಿಜಿಸ್ಟರಿನಲ್ಲಿ ಹೊಲಿಗೆ ಮೇಜಿನ ಎಲ್ಲರ ಹೆಸರಿನ ಮುಂದೆಯೂ ಕೊನೆಯ ಕಾಲಂ ಖಾಲಿ ಇದೆ. ನಿನ್ನ ಹೆಸರಿನ ಮುಂದೆ ಮಾತ್ರ ದೊಡ್ಡ ಯಜಮಾನರ ಅಕ್ಷರದಲ್ಲಿ 'ಅಕ್ಕನ ಮಾತಿನಂತೆ' ಎಂದು ಬರೆದಿದೆ. ಮೇಡಂ ಬೆರಳಿಟ್ಟು ನಿಲ್ಲಿಸಿದ್ದು ಅಲ್ಲಿ.

ದೊಡ್ಡ ಯಜಮಾನರ ಕಾಲದ ಹದಿನೈದು ವರ್ಷದ ವ್ಯತ್ಯಾಸ ನನ್ನ ಇಡುಗಂಟಿನಿಂದ ಬರುತ್ತದೆ. ಮೇಜಿನ ಮುಂದೆ ಹೇಳಿಯಾಗಿದೆ. ಮಗ 'ಚಿಕ್ಕಮ್ಮಂದು ಮೊದಲು, ಮನೆ ಆಮೇಲೆ' ಅಂದ. ನೀನು ಬೇಡ ಅನ್ನುವುದಾದರೆ ಕಾಗದದಲ್ಲಿ ಬರೆಯಬೇಡ, ಬಂದು ನನ್ನ ಎದುರಿಗೆ ಕೂತು ಹೇಳು.

ನಡೆಯುವುದು ನಿನಗೆ ಇಷ್ಟ ಎಂದು ಹತ್ತೊಂಬತ್ತು ವರ್ಷ ನಂಬಿದ್ದೆ. ನಿನ್ನ ಕೈ ಚುರುಕು, ಅದಕ್ಕೇ ಎಣಿಸುವುದೂ ಬೇಗ ಎಂದು ನಂಬಿದ್ದೆ. ಪ್ರತಿ ತಿಂಗಳೂ ನೀನು ಮುಗಿಸಿ, ಕವರು ಮಡಿಸಿ, ತಿರುಗಿ ನಿಂತು ನನಗಾಗಿ ಕಾಯುತ್ತಿದ್ದೆ. ನಾನು ಇನ್ನೂ ಎಣಿಸುತ್ತಲೇ ಇರುತ್ತಿದ್ದೆ.